ಬಾಣಕ್ಕೊಂದು ಕ್ರಿಯಾಪದ: ಸಂಶೋಧನೆಯ ರೇಖಾಚಿತ್ರ ಬರೆಯುವವರಿಗೆ

ಪಿಎಚ್‌ಡಿ ಪ್ರಬಂಧಗಳ ಮೊದಲ ಅಧ್ಯಾಯದಲ್ಲಿ ಒಂದು ಚಿತ್ರ ಇದ್ದೇ ಇರುತ್ತದೆ. ನಡುವೆ ದೊಡ್ಡ ವೃತ್ತ, ಸುತ್ತ ಆರೇಳು ಬಣ್ಣದ ಪೆಟ್ಟಿಗೆ, ಎಲ್ಲದರಿಂದ ಎಲ್ಲದಕ್ಕೂ ಎರಡು ತುದಿಯ ಬಾಣ, ಕೆಳಗೆ ‘ಅಧ್ಯಯನದ ಪರಿಕಲ್ಪನಾ ಚೌಕಟ್ಟು’ ಎಂಬ ಅಡಿಬರಹ. ನೋಡಿದವರಿಗೆ ತಿಳಿಯುವುದು ಇಷ್ಟೇ: ಇದಕ್ಕೂ ಅದಕ್ಕೂ ಏನೋ ಸಂಬಂಧ ಇದೆ. ಅಷ್ಟು ತಿಳಿಯಲು ನಾಲ್ಕೈದು ವರ್ಷ ಕಷ್ಟಪಡಬೇಕಾಗಿರಲಿಲ್ಲ. ವೈವಾಕ್ಕೆ, ಅಂದರೆ ಮೌಖಿಕ ಪರೀಕ್ಷೆಗೆ, ಹೊರಗಿನಿಂದ ಬಂದ ಪರೀಕ್ಷಕರು ಒಂದು ಬಾಣ ತೋರಿಸಿ ‘ಇದು ಏನು ಹೇಳ್ತಿದೆಯಮ್ಮ?’ ಎಂದು ಕೇಳಿದರೆ ಅಭ್ಯರ್ಥಿ ಗೈಡ್ ಮುಖ ನೋಡುತ್ತಾಳೆ, ಗೈಡ್ ಲ್ಯಾಪ್‌ಟಾಪ್ ನೋಡುತ್ತಾರೆ.

ನನ್ನ ಮಟ್ಟಿಗೆ ಇಲ್ಲಿ ಮುಖ್ಯ ನಿಯಮ ಒಂದೇ. ಬಾಣ ಎಳೆದರೆ ಅದಕ್ಕೊಂದು ಕ್ರಿಯಾಪದ ಹೇಳಲು ಬರಬೇಕು. ಇಂಗುತ್ತದೆ, ತಡೆಯುತ್ತದೆ, ಕೊಲ್ಲುತ್ತದೆ, ಸಾಗಿಸುತ್ತದೆ, ಹೀಗೆ ಯಾವುದಾದರೊಂದು. ‘ಸಂಬಂಧಿಸಿದೆ’ ಎಂಬುದು ಈ ಲೆಕ್ಕಕ್ಕೆ ಬಾರದು. ಸಾಫ್ಟ್‌ವೇರ್, ಬಣ್ಣ, ಫಾಂಟ್ ಎಲ್ಲ ಆಮೇಲಿನ ಮಾತು. ಅವೂ ಬೇಕು, ಅವಕ್ಕೂ ಬರೋಣ.

ಬರೀ ಸೂತ್ರ ಹೇಳಿದರೆ ತಲೆಗೆ ಹತ್ತುವುದಿಲ್ಲವಾದ್ದರಿಂದ ಒಂದೇ ಉದಾಹರಣೆಯನ್ನು ಕೊನೆಯವರೆಗೂ ಹಿಡಿದುಕೊಳ್ಳುತ್ತೇನೆ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಸಂಸ್ಕರಿಸಿ, ಪಂಪ್ ಮಾಡಿ, ಕೋಲಾರ ಜಿಲ್ಲೆಯ ಕೆರೆಗಳಿಗೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆ ಗೊತ್ತಲ್ಲ. 2018ರಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ನೀರು ಬಂತು. ಯೋಜನೆಯ ಗುರಿ ದಿನಕ್ಕೆ 440 ದಶಲಕ್ಷ ಲೀಟರ್. ಒಂದು ಕೆರೆ ತುಂಬಿ ಕೋಡಿ ಬಿದ್ದರೆ ನೀರು ಮುಂದಿನ ಕೆರೆಗೆ ಹೋಗುತ್ತದೆ. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ, ಸಾವಿರ ಅಡಿ ದಾಟಿದ ಕೊಳವೆಬಾವಿಗಳು, ಹಳೆಯ ಕೆರೆ ಸರಣಿ, ನಗರದ ನೀರು. ಜಲವಿಜ್ಞಾನ, ಭೂಗೋಳ, ಸಮಾಜಶಾಸ್ತ್ರ ಯಾವ ವಿಭಾಗದವರಾದರೂ ಕೈ ಹಾಕಬಹುದಾದ ವಿಷಯ. ಇದರ ಮೇಲೆ ಪ್ರಬಂಧ ಬರೆಯುವ ಒಬ್ಬ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳಿ. ಆಕೆಗೆ ಒಂದು ಚಿತ್ರ ಬೇಕು.

ಮೊದಲು ವಾಕ್ಯ, ಆಮೇಲೆ ಚಿತ್ರ

ಕಂಪ್ಯೂಟರ್ ತೆರೆಯುವ ಮೊದಲು ಹಾಳೆಯ ಮೇಲೆ ಒಂದು ವಾಕ್ಯ ಬರೆಯಿರಿ. ಚಿತ್ರ ನೋಡಿ ಮುಗಿಸಿದವರು ಏನನ್ನು ತಿಳಿದುಕೊಂಡು ಹೋಗಬೇಕು ಎಂಬುದೇ ಆ ವಾಕ್ಯ. ‘ಕೆ.ಸಿ. ವ್ಯಾಲಿ ಮತ್ತು ಅಂತರ್ಜಲ’ ಎಂದು ಬರೆದರೆ ಅದು ಶೀರ್ಷಿಕೆಯಾಯಿತು, ವಾಕ್ಯವಾಗಲಿಲ್ಲ.

ನಮ್ಮ ವಿದ್ಯಾರ್ಥಿನಿ ಹೀಗೆಲ್ಲ ಬರೆದಾಳು (ಇವು ಉದಾಹರಣೆಗಾಗಿ ಕಟ್ಟಿದವು, ಯಾರ ಸಂಶೋಧನೆಯ ಫಲಿತಾಂಶವೂ ಅಲ್ಲ):

‘ಕೆರೆ ತುಂಬಿದ ಮೇಲೆ ಏರಿಯ ಕೆಳಗಿನ ತೆರೆದ ಬಾವಿಗಳಲ್ಲಿ ನೀರು ಬೇಗ ಏರುತ್ತದೆ, ಆಳದ ಕೊಳವೆಬಾವಿಗಳಲ್ಲಿ ತಡವಾಗಿ.’ ಇದಕ್ಕೆ ಬೇಕಾದದ್ದು ನೆಲವನ್ನು ಲಂಬವಾಗಿ ಸೀಳಿದಂತೆ ತೋರಿಸುವ ಅಡ್ಡಕೊಯ್ತದ ಚಿತ್ರ.

‘ಮೊದಲ ಕೆರೆಯಿಂದ ಕೊನೆಯ ಕೆರೆಗೆ ಹೋಗುವಷ್ಟರಲ್ಲಿ ನೀರಿನ ನೈಟ್ರೇಟ್ ಕಡಿಮೆಯಾಗುತ್ತದೆ.’ ಇದಕ್ಕೆ ಅಡ್ಡಕೊಯ್ತ ಬೇಡ. ಕೆರೆಗಳನ್ನು ಒಂದರ ಮುಂದೊಂದು ಒಂದೇ ಗೆರೆಯ ಮೇಲೆ ಕೂರಿಸಿದರೆ ಸಾಕು. ಹ್ಯಾರಿ ಬೆಕ್ 1933ರ ಲಂಡನ್ ಸುರಂಗ ರೈಲು ನಕ್ಷೆಯಲ್ಲಿ ಮಾಡಿದ್ದು ಇದನ್ನೇ. ನಿಲ್ದಾಣಗಳ ನಡುವಿನ ನಿಜವಾದ ದೂರ, ದಿಕ್ಕುಗಳನ್ನು ಕೈಬಿಟ್ಟು, ಯಾವುದರ ನಂತರ ಯಾವುದು, ಎಲ್ಲಿ ರೈಲು ಬದಲಿಸಬೇಕು ಎಂಬುದನ್ನಷ್ಟೇ ಉಳಿಸಿಕೊಂಡ.

‘ಪಂಪ್ ಮಾಡಿದ ನೀರಿನಲ್ಲಿ ಇಷ್ಟು ಪಾಲು ಆವಿಯಾಗುತ್ತದೆ, ಇಷ್ಟು ಇಂಗುತ್ತದೆ, ಇಷ್ಟು ಮುಂದೆ ಹೋಗುತ್ತದೆ.’ ಇದು ಸ್ಯಾಂಕಿ ಚಿತ್ರಕ್ಕೆ ಹೇಳಿ ಮಾಡಿಸಿದ ವಾಕ್ಯ. ಹರಿವಿನ ಪ್ರಮಾಣಕ್ಕೆ ತಕ್ಕಂತೆ ಪಟ್ಟಿಯ ಅಗಲ ಹೆಚ್ಚುಕಮ್ಮಿಯಾಗುವ ಈ ಬಗೆಯ ಚಿತ್ರಕ್ಕೆ ಐರ್ಲೆಂಡಿನ ಕ್ಯಾಪ್ಟನ್ ಸ್ಯಾಂಕಿಯ ಹೆಸರು ಬಂದಿದೆ. ಹಬೆ ಎಂಜಿನ್‌ನಲ್ಲಿ ಶಕ್ತಿ ಎಲ್ಲೆಲ್ಲಿ ಸೋರಿಹೋಗುತ್ತದೆ ಎಂದು ತೋರಿಸಲು 1898ರಲ್ಲಿ ಆತ ಇದನ್ನು ಬಳಸಿದ್ದ.

‘ಆರಿಸಿಕೊಂಡ ಬಾವಿಗಳಲ್ಲಿ ಇಷ್ಟು ಒಣಗಿದ್ದವು, ಇಷ್ಟಕ್ಕೆ ಮಾಲೀಕರು ಒಪ್ಪಲಿಲ್ಲ, ಕೊನೆಗೆ ಅಳೆದದ್ದು ಇಷ್ಟು.’ ಇದು ಮೇಲಿನಿಂದ ಕೆಳಗೆ ಇಳಿಯುವ ಸರಳ ಹರಿವಿನ ಪಟ್ಟಿ. ವೈದ್ಯಕೀಯ ಪ್ರಯೋಗಗಳ ವರದಿಗೆ ಕನ್ಸಾರ್ಟ್ ಮತ್ತು ಪ್ರಕಟಿತ ಅಧ್ಯಯನಗಳ ಪರಾಮರ್ಶೆಗೆ ಪ್ರಿಸ್ಮಾ ಎಂಬ ಸಿದ್ಧ ಮಾದರಿಗಳಿವೆ. ಅವು ಹೊಂದುವ ಕಡೆ ಹೊಸದಾಗಿ ಏನನ್ನೂ ಕಂಡುಹಿಡಿಯಲು ಹೋಗಬೇಡಿ, ಅವನ್ನೇ ತುಂಬಿ.

ನಾಲ್ಕು ವಾಕ್ಯಕ್ಕೆ ನಾಲ್ಕು ಬೇರೆ ಬೇರೆ ಚಿತ್ರ. ನಾಲ್ಕನ್ನೂ ಒಂದೇ ಚಿತ್ರದಲ್ಲಿ ತುರುಕಲು ಹೋದಾಗಲೇ ಆ ವೃತ್ತ, ಆ ಎರಡು ತುದಿಯ ಬಾಣಗಳು ಹುಟ್ಟುವುದು.

ಪೆನ್ಸಿಲ್ಲು, ರಬ್ಬರು

ವಾಕ್ಯದಲ್ಲಿರುವ ನಾಮಪದಗಳನ್ನು ಪಟ್ಟಿ ಮಾಡಿ. ಕೆರೆ, ಏರಿ, ತೆರೆದ ಬಾವಿ, ಕೊಳವೆಬಾವಿ, ನೀರಿನ ಮಟ್ಟ. ಚಿತ್ರದಲ್ಲಿ ಇವಿರಬೇಕು, ಇವಿಷ್ಟೇ ಇರಬೇಕು. ‘ಸರ್ಕಾರದ ನೀತಿ’, ‘ಹವಾಮಾನ ಬದಲಾವಣೆ’ ಎಂಬ ಪೆಟ್ಟಿಗೆಗಳು ಗೈಡ್ ಬೇಸರಪಟ್ಟುಕೊಳ್ಳಬಾರದೆಂದು ಬಂದು ಕೂತಿರುತ್ತವೆ. ಪೀಠಿಕೆಯಲ್ಲಿ ಒಂದು ಪ್ಯಾರಾ ಬರೆದು ಅವುಗಳ ಋಣ ತೀರಿಸಿ.

ಏನನ್ನು ಬಿಡಬೇಕು ಎಂಬುದಕ್ಕೆ ನನಗೆ ಇಂದಿಗೂ ಅಚ್ಚರಿ ತರುವ ಚಿತ್ರವೊಂದಿದೆ. 1953ರ ಏಪ್ರಿಲ್ 25ರ ‘ನೇಚರ್’ ವಿಜ್ಞಾನ ಪತ್ರಿಕೆಯ ಸಂಚಿಕೆಯಲ್ಲಿ ವಾಟ್ಸನ್ ಮತ್ತು ಕ್ರಿಕ್ ಡಿಎನ್‌ಎ ರಚನೆಯನ್ನು ಪ್ರಕಟಿಸಿದಾಗ ಜೊತೆಗಿದ್ದದ್ದು ಒಂದೇ ಚಿತ್ರ. ಬರೆದವರು ಕ್ರಿಕ್ ಅವರ ಪತ್ನಿ, ಕಲಾವಿದೆ ಒಡೀಲ್ ಕ್ರಿಕ್. ಎರಡು ರಿಬ್ಬನ್, ನಡುವೆ ಅಡ್ಡಕಡ್ಡಿಗಳು, ಮಧ್ಯದಲ್ಲಿ ಒಂದು ಲಂಬ ಗೆರೆ, ಎರಡು ಎಳೆಗಳು ಎದುರುಬದುರು ದಿಕ್ಕಿನಲ್ಲಿ ಸಾಗುತ್ತವೆಂದು ಹೇಳುವ ಬಾಣಗಳು. ಒಂದೇ ಒಂದು ಪರಮಾಣುವೂ ಇಲ್ಲ. ಚಿತ್ರ ಬರೀ ಸಾಂಕೇತಿಕ ಎಂದು ಅಡಿಬರಹದಲ್ಲೇ ಹೇಳಿ, ರಿಬ್ಬನ್ ಎಂದರೆ ಫಾಸ್ಫೇಟ್–ಸಕ್ಕರೆಯ ಸರಪಳಿ, ಕಡ್ಡಿ ಎಂದರೆ ಪ್ರತ್ಯಾಮ್ಲಗಳ ಜೋಡಿ, ಲಂಬ ಗೆರೆ ಎಂದರೆ ಅಕ್ಷ ಎಂದು ವಿವರಿಸಿದ್ದಾರೆ. ಎಲ್ಲ ಪರಮಾಣುಗಳನ್ನೂ ತೋರಿಸುವ ಆಸೆ ಅವರಿಗೂ ಬಂದಿರಬಹುದು. ಬಂದಿದ್ದರೆ ಅದನ್ನು ತಡೆದುಕೊಂಡರು.

ಹಾಳೆಯ ಮೇಲೆ ಮೂರು ನಾಲ್ಕು ಬಗೆಯಲ್ಲಿ ಬೇಗ ಬೇಗ ಗೀಚಿ. ಚೆನ್ನಾಗಿ ಕಾಣಬೇಕಾಗಿಲ್ಲ. ಪೆನ್ಸಿಲ್ ಚಿತ್ರವನ್ನು ಹರಿದು ಹಾಕಲು ಮನಸ್ಸು ಬರುತ್ತದೆ, ಎರಡು ದಿನ ಕೂತು ಕಂಪ್ಯೂಟರ್‌ನಲ್ಲಿ ಮಾಡಿದ್ದನ್ನು ಅಳಿಸಲು ಯಾರಿಗೂ ಮನಸ್ಸು ಬರುವುದಿಲ್ಲ.

ಅಳತೆಯ ತೊಡಕು

ಅಡ್ಡಕೊಯ್ತದ ಚಿತ್ರವನ್ನೇ ತೆಗೆದುಕೊಳ್ಳೋಣ. ಮೇಲೆ ಕೆರೆ, ಪಕ್ಕದಲ್ಲಿ ಏರಿ, ಏರಿಯ ಕೆಳಗೆ ಅಚ್ಚುಕಟ್ಟಿನಲ್ಲಿ ತೆರೆದ ಬಾವಿ, ಅದರಾಚೆ ಕೊಳವೆಬಾವಿ. ನೆಲದ ಕೆಳಗೆ ಮೊದಲು ಮಣ್ಣು, ಆಮೇಲೆ ಶಿಥಿಲಗೊಂಡ ಕಲ್ಲಿನ ಪದರ, ಅದರಡಿ ಬಿರುಕುಬಿಟ್ಟ ಗಟ್ಟಿ ಶಿಲೆ. ಕೋಲಾರದ ನೆಲ ಬಹುಪಾಲು ಹೀಗೇ ಇದೆ. ಗಟ್ಟಿ ಶಿಲೆಯಲ್ಲಿ ನೀರು ಬಿರುಕುಗಳಲ್ಲಿ ಮಾತ್ರ ಇರುತ್ತದೆ.

ಈಗ ಅಳತೆ ಹಿಡಿಯಿರಿ. ಕೆರೆಯ ಆಳ ನಾಲ್ಕು ಮೀಟರ್, ಕೊಳವೆಬಾವಿಯ ಆಳ 300 ಮೀಟರ್ ಎಂದಿಟ್ಟುಕೊಳ್ಳಿ. ಹಾಳೆಯಲ್ಲಿ ಕೊಳವೆಬಾವಿಗೆ 15 ಸೆಂಟಿಮೀಟರ್ ಕೊಟ್ಟರೆ ಕೆರೆಗೆ ಸಿಗುವುದು 2 ಮಿಲಿಮೀಟರ್. ಕೆರೆಯ ಅಗಲ ಒಂದು ಕಿಲೋಮೀಟರ್ ಆದರೆ ಅದೇ ಅಳತೆಯಲ್ಲಿ ಅದಕ್ಕೆ ಅರ್ಧ ಮೀಟರ್ ಹಾಳೆ ಬೇಕು. ಸರಿಯಾದ ಅಳತೆಯಲ್ಲಿ ಈ ಚಿತ್ರ ಬರೆಯಲು ಸಾಧ್ಯವೇ ಇಲ್ಲ.

ಹಾಗಾಗಿ ಎಲ್ಲರೂ ಕೆರೆಯನ್ನು ಹಿಗ್ಗಿಸುತ್ತಾರೆ, ಕೊಳವೆಬಾವಿಯನ್ನು ಕುಗ್ಗಿಸುತ್ತಾರೆ. ಮಾಡಲೇಬೇಕು. ಆದರೆ ಹಾಗೆ ಮಾಡಿದ ಕೂಡಲೇ ಕೆರೆಯ ತಳ ಮತ್ತು ಕೊಳವೆಬಾವಿಯ ತಳ ಪಕ್ಕಪಕ್ಕದಲ್ಲೇ ಇದ್ದಂತೆ ಕಾಣುತ್ತದೆ. ಇಂದು ಇಂಗಿದ ನೀರು ನಾಳೆ ಬೆಳಿಗ್ಗೆ ಮೋಟರ್‌ಗೆ ಸಿಗುತ್ತದೆ ಎಂದು ನೋಡುವವರು ನಂಬುತ್ತಾರೆ. ಚಿತ್ರದಲ್ಲಿ ಎಲ್ಲೂ ಹಾಗೆ ಬರೆದಿಲ್ಲ, ಆದರೂ ಚಿತ್ರ ಹೇಳಿದ್ದು ಅದನ್ನೇ. ‘ತಡವಾಗಿ ಏರುತ್ತದೆ’ ಎಂಬ ವಿದ್ಯಾರ್ಥಿನಿಯ ವಾಕ್ಯಕ್ಕೆ ಅವಳ ಚಿತ್ರವೇ ತಿರುಗಿಬಿದ್ದಂತಾಯಿತು.

ಪರಿಹಾರ ಇದೆ. ಕೊಳವೆಬಾವಿಯ ಕೊಳವೆಯನ್ನು ಮಧ್ಯದಲ್ಲಿ ಅಂಕುಡೊಂಕು ಗೆರೆಯಿಂದ ಕತ್ತರಿಸಿ ತೋರಿಸಿ. ಇಲ್ಲಿ ಆಳವನ್ನು ಮಡಚಿದ್ದೇವೆ ಎಂಬುದಕ್ಕೆ ಅದು ಎಲ್ಲರಿಗೂ ತಿಳಿದ ಗುರುತು. ಎಡಬದಿಯಲ್ಲಿ ಆಳದ ಅಂಕಿಗಳನ್ನು ಬರೆಯಿರಿ: 0, 15, 60, ಕತ್ತರಿ ಗುರುತು, 300 ಮೀಟರ್. ‘ಅಳತೆಗೆ ಅನುಗುಣವಾಗಿಲ್ಲ’ ಎಂದು ಚಿತ್ರದ ಒಳಗೇ ಹಾಕಿ. ಅಡಿಬರಹದಲ್ಲಿ ಹಾಕಿದರೆ, ಯಾರಾದರೂ ಚಿತ್ರವನ್ನಷ್ಟೇ ಕತ್ತರಿಸಿ ವಾಟ್ಸ್‌ಆ್ಯಪ್‌ಗೆ ಹಾಕಿದಾಗ ಆ ಮಾತು ಹಿಂದೆಯೇ ಉಳಿಯುತ್ತದೆ.

ಅಂದಹಾಗೆ, ಕೆರೆಗಳ ನೀರಿನ ಸಾಮರ್ಥ್ಯವನ್ನು ದೊಡ್ಡ ಚಿಕ್ಕ ವೃತ್ತಗಳಲ್ಲಿ ತೋರಿಸುವ ಚಾಳಿ ಬಿಡಿ. ವೃತ್ತಗಳ ವಿಸ್ತೀರ್ಣ ಹೋಲಿಸುವುದರಲ್ಲಿ ನಮ್ಮ ಕಣ್ಣು ದಡ್ಡ. ಒಂದೇ ಗೆರೆಯಿಂದ ಎದ್ದ ಕಂಬಗಳ ಎತ್ತರವನ್ನು ಅದು ಎಷ್ಟೋ ಸರಿಯಾಗಿ ಅಳೆಯುತ್ತದೆ. ಕ್ಲೀವ್‌ಲ್ಯಾಂಡ್ ಮತ್ತು ಮೆಕ್‌ಗಿಲ್ ಎಂಬ ಸಂಖ್ಯಾಶಾಸ್ತ್ರಜ್ಞರು 1984ರಲ್ಲಿ ಪ್ರಯೋಗ ಮಾಡಿ ತೋರಿಸಿದ ಮಾತಿದು.

ಬಾಣಗಳು

ಹೆಚ್ಚಿನ ಚಿತ್ರಗಳು ಕೆಡುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನಿಸೋಣ.

ನಾವು ಬಾಣವನ್ನು ಕನಿಷ್ಠ ನಾಲ್ಕು ಅರ್ಥದಲ್ಲಿ ಬಳಸುತ್ತೇವೆ. ಒಂದು, ವಸ್ತುವೇ ಚಲಿಸುತ್ತದೆ: ನೀರು ಕೆರೆಯಿಂದ ಬಾವಿಗೆ ಹೋಗುತ್ತದೆ. ಇನ್ನೊಂದು, ಕಾರಣ: ನೀರು ಬಂದದ್ದರಿಂದ ರೈತರು ಬೆಳೆ ಬದಲಿಸುತ್ತಾರೆ. ಮತ್ತೊಂದು, ಕಾಲ: 2018ರ ನಂತರ 2019. ನಾಲ್ಕನೆಯದು ಸಂಶೋಧಕಿಯ ಕೆಲಸದ ಕ್ರಮ: ಮಾದರಿ ತೆಗೆದೆ, ಪ್ರಯೋಗಾಲಯಕ್ಕೆ ಕಳಿಸಿದೆ. ನಾಲ್ಕಕ್ಕೂ ಒಂದೇ ಕಪ್ಪು ಬಾಣ ಹಾಕಿದರೆ ನೋಡುವವರಿಗೆ ಕೆರೆಯಿಂದ ಹೊರಟ ಬಾಣ ‘ಬೆಳೆ’ ಪೆಟ್ಟಿಗೆ ಸೇರಿದಾಗ ನೀರು ಹೋಯಿತೋ ಪ್ರಭಾವ ಹೋಯಿತೋ ತಿಳಿಯುವುದಿಲ್ಲ. ಒಂದು ಚಿತ್ರಕ್ಕೆ ಒಂದೇ ಅರ್ಥದ ಬಾಣ ಇದ್ದರೆ ಒಳ್ಳೆಯದು. ಎರಡು ಬೇಕೇ ಬೇಕು ಎಂದಾದರೆ ಗೆರೆಯ ದಪ್ಪ ಮತ್ತು ತುದಿಯ ಆಕಾರ ಎರಡನ್ನೂ ಬೇರೆ ಮಾಡಿ, ಮೂಲೆಯಲ್ಲಿ ಗುರುತುಗಳ ವಿವರ ಕೊಡಿ. ಮೂರನೆಯದು ಬಂತೆಂದರೆ ಚಿತ್ರವನ್ನು ಒಡೆದು ಎರಡು ಮಾಡಿ.

ಇನ್ನೊಂದು ಪ್ರಾಮಾಣಿಕತೆಯ ಪ್ರಶ್ನೆ. ನೀವೇ ಅಳೆದದ್ದಕ್ಕೆ ಗಟ್ಟಿ ಗೆರೆ, ಬೇರೆಯವರ ಅಧ್ಯಯನದಿಂದ ತಂದದ್ದಕ್ಕೂ ಊಹಿಸಿದ್ದಕ್ಕೂ ತುಂಡು ಗೆರೆ. ನಮ್ಮ ವಿದ್ಯಾರ್ಥಿನಿ ತೆರೆದ ಬಾವಿಯ ನೀರಿನ ಮಟ್ಟವನ್ನು ಟೇಪ್ ಇಳಿಬಿಟ್ಟು ತಾನೇ ಅಳೆದಿದ್ದಾಳೆ. ಶಿಥಿಲ ಪದರದಿಂದ ಆಳದ ಬಿರುಕಿಗೆ ನೀರು ಇಳಿಯುವುದನ್ನು ಆಕೆ ನೋಡಿಲ್ಲ, ತರ್ಕಿಸಿದ್ದಾಳೆ. ಎರಡಕ್ಕೂ ಒಂದೇ ಗಟ್ಟಿ ಬಾಣ ಹಾಕಿದರೆ ಪರೀಕ್ಷಕರು ಹಿಡಿಯುತ್ತಾರೆ, ಹಿಡಿಯಲೂಬೇಕು. ತುಂಡು ಗೆರೆ ಹಾಕಿ ‘ಅಂದಾಜು’ ಎಂದು ಬರೆದರೆ ಅದೇ ಜಾಗ ಮುಂದಿನ ಸಂಶೋಧನೆಗೆ ಪ್ರಶ್ನೆಯಾಗಿ ನಿಲ್ಲುತ್ತದೆ.

ಎರಡು ತುದಿಯ ಬಾಣವನ್ನು ನಾನು ಬಹುತೇಕ ನಿಷೇಧಿಸುತ್ತೇನೆ. ಹೋಗುವಾಗಿನ ಕ್ರಿಯೆ ಬೇರೆ, ಬರುವಾಗಿನದು ಬೇರೆ. ಎರಡು ಪ್ರತ್ಯೇಕ ಬಾಣ ಎಳೆದು, ಎರಡಕ್ಕೂ ಕ್ರಿಯಾಪದ ಕೊಟ್ಟು ನೋಡಿ. ಅನೇಕ ಸಲ ಒಂದಕ್ಕೆ ಸಿಗುವುದೇ ಇಲ್ಲ. ಸಿಗದಿದ್ದುದನ್ನು ಅಳಿಸಿ.

ಬಾಣಗಳು ಒಂದನ್ನೊಂದು ಅಡ್ಡ ದಾಟಬಾರದು. ದಾಟುತ್ತಿದ್ದರೆ ಪೆಟ್ಟಿಗೆಗಳ ಜಾಗ ಬದಲಿಸಿ. ಸಾಮಾನ್ಯವಾಗಿ ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಸಾಗಲಿ. ನೀರಿನ ಚಿತ್ರದಲ್ಲಂತೂ ಮೇಲಿನಿಂದ ಕೆಳಕ್ಕೆ ಇಳಿಯುವುದು ಸಹಜ. ಪಂಪ್ ಇರುವ ಒಂದೇ ಜಾಗದಲ್ಲಿ ಬಾಣ ಮೇಲಕ್ಕೆ ಹತ್ತಿದರೆ ಇಲ್ಲಿ ವಿದ್ಯುತ್ ಖರ್ಚಾಗುತ್ತದೆ ಎಂಬುದೂ ಹೇಳದೆಯೇ ತಿಳಿಯುತ್ತದೆ.

ಕನ್ನಡದಲ್ಲಿ ಹೆಸರು ಬರೆಯುವಾಗ

ಪಕ್ಕದಲ್ಲಿ ಬಣ್ಣದ ಚೌಕಗಳ ಪಟ್ಟಿ ಕೊಟ್ಟು ‘ನೀಲಿ: ಕೆರೆ, ಕಂದು: ಶಿಥಿಲ ಪದರ’ ಎಂದು ಬರೆಯುವುದಕ್ಕಿಂತ ಕೆರೆಯ ಮೇಲೇ ‘ಕೆರೆ’ ಎಂದು ಬರೆಯಿರಿ. ಕಣ್ಣು ಹೋಗಿ ಬಂದು ಮಾಡುವ ಕೆಲಸ ಉಳಿಯುತ್ತದೆ. ಏರಿ, ಕೋಡಿ, ತೂಬು, ಅಚ್ಚುಕಟ್ಟು ಎಂಬ ಮಾತುಗಳು ಊರಿನವರಿಗೂ ಎಂಜಿನಿಯರಿಗೂ ಗೊತ್ತು. ಅವನ್ನು ಬಿಟ್ಟು ಪಾರಿಭಾಷಿಕ ಶಬ್ದಗಳನ್ನು ಹೊಸದಾಗಿ ಟಂಕಿಸಬೇಡಿ.

ಅಕ್ಷರದ ವಿಷಯದಲ್ಲಿ ಕನ್ನಡಕ್ಕೆ ಅದರದೇ ತಾಪತ್ರಯಗಳಿವೆ. ಒತ್ತಕ್ಷರ ಗೆರೆಯ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೇರುತ್ತದೆ. ಇಂಗ್ಲಿಷ್ ಪದಕ್ಕೆ ಅಳೆದು ಮಾಡಿದ ಪೆಟ್ಟಿಗೆಯಲ್ಲಿ ‘ಅಚ್ಚುಕಟ್ಟು’ ಎಂದು ಬರೆದರೆ ಒತ್ತುಗಳು ಕೆಳಗಿನ ಗೆರೆಗೆ ತಾಗುತ್ತವೆ. ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಿ, ಪೆಟ್ಟಿಗೆಯೊಳಗೆ ಮೇಲೆ ಕೆಳಗೆ ಉಸಿರಾಡಲು ಅವಕಾಶ ಕೊಡಿ.

ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ್ದನ್ನು ಚಿತ್ರಕ್ಕೆ ಅಂಟಿಸಬೇಡಿ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದು ಅರ್ಥವಿಲ್ಲದ ಅಕ್ಷರಗಳ ರಾಶಿಯಾಗುತ್ತದೆ. ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತವಾದ ಯೂನಿಕೋಡ್ ಬಳಸಿ, ಉದಾಹರಣೆಗೆ ನೋಟೋ ಸ್ಯಾನ್ಸ್ ಕನ್ನಡ. ಗ್ರಾಫ್ ಬರೆಯುವ ಕೆಲವು ಪ್ರೋಗ್ರಾಮಿಂಗ್ ಲೈಬ್ರರಿಗಳಲ್ಲಿ ಯೂನಿಕೋಡ್ ಇದ್ದರೂ ಒತ್ತಕ್ಷರ ಬಿಡಿಬಿಡಿಯಾಗಿ ಒಡೆದು ಬರುತ್ತದೆ. ಅದರ ಜೊತೆ ಗುದ್ದಾಡುತ್ತ ಕೂರುವ ಬದಲು ಗ್ರಾಫನ್ನು ಅಕ್ಷರಗಳಿಲ್ಲದೆ, ಗೆರೆಗಳನ್ನು ಆಮೇಲೂ ತಿದ್ದಬಹುದಾದ ಎಸ್‌ವಿಜಿ ಕಡತವಾಗಿ ಉಳಿಸಿ, ಇಂಕ್‌ಸ್ಕೇಪ್‌ನಲ್ಲಿ ತೆರೆದು ಕನ್ನಡವನ್ನು ಅಲ್ಲೇ ಸೇರಿಸಿ. ಇಂಕ್‌ಸ್ಕೇಪ್ ಚಿತ್ರ ಬರೆಯುವ ಉಚಿತ ಸಾಫ್ಟ್‌ವೇರ್, ಕನ್ನಡವನ್ನು ಸರಿಯಾಗಿ ಜೋಡಿಸುತ್ತದೆ. ಬರೀ ಪೆಟ್ಟಿಗೆ–ಬಾಣದ ಚಿತ್ರವಾದರೆ ಡ್ರಾ ಡಾಟ್ ಐಒ ಸಾಕು. ಪವರ್‌ಪಾಯಿಂಟ್ ಕೂಡ ಕೆಟ್ಟದ್ದೇನಲ್ಲ, ಸಿದ್ಧ ಚಿತ್ರಗಳನ್ನು ಕೊಡುವ ಅದರ ಸ್ಮಾರ್ಟ್‌ಆರ್ಟ್ ಗುಂಡಿ ಒತ್ತದಿದ್ದರೆ.

ಕೃತಕ ಬುದ್ಧಿಮತ್ತೆಗೆ ಹೇಳಿ ಚಿತ್ರ ಮಾಡಿಸುವವರು ಈಗ ಹೆಚ್ಚುತ್ತಿದ್ದಾರೆ. 2024ರ ಫೆಬ್ರುವರಿಯಲ್ಲಿ ಹಾಗೆ ಮಾಡಿಸಿದ ಇಲಿಯ ಚಿತ್ರವೊಂದು ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಗಿ, ಅಸಾಧ್ಯ ಗಾತ್ರದ ಅಂಗಗಳು, ಯಾವ ಭಾಷೆಯಲ್ಲೂ ಇಲ್ಲದ ಪದಗಳು ಕಂಡು ಜಗತ್ತೇ ನಕ್ಕಿತು. ಕೆಲವೇ ದಿನಗಳಲ್ಲಿ ಲೇಖನವನ್ನು ಹಿಂತೆಗೆದುಕೊಂಡರು. ‘ನೇಚರ್’ 2023ರಲ್ಲೇ ಇಂಥ ಚಿತ್ರಗಳನ್ನು ಪ್ರಕಟಿಸುವುದಿಲ್ಲವೆಂದು ಹೇಳಿತ್ತು. ನಿಮ್ಮ ಪತ್ರಿಕೆಯ ನಿಯಮ ಓದಿಕೊಳ್ಳಿ. ಬಾಣ ಎಲ್ಲಿಂದ ಎಲ್ಲಿಗೆ ಎಂಬುದನ್ನಂತೂ ಆ ಯಂತ್ರ ನಿಮ್ಮ ಪರವಾಗಿ ನಿರ್ಧರಿಸಲಾರದು.

ಬಣ್ಣ, ಮತ್ತು ಜೆರಾಕ್ಸ್ ಅಂಗಡಿ

ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು ಎಂಟು ಮಂದಿಗೆ ಕೆಂಪು–ಹಸಿರಿನ ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ. ನಮ್ಮಲ್ಲೂ ಅಂಥವರಿದ್ದಾರೆ, ನಿಮ್ಮ ಪರೀಕ್ಷಕರೇ ಆಗಿರಬಹುದು. ‘ಒಳ್ಳೆಯ ನೀರು ಹಸಿರು, ಕೆಟ್ಟ ನೀರು ಕೆಂಪು’ ಎಂಬ ಜೋಡಿಯ ಬದಲು ನೀಲಿ ಮತ್ತು ಕಿತ್ತಳೆ ಬಳಸಿ. ಜಪಾನಿನ ಒಕಾಬೆ ಮತ್ತು ಇತೊ ಇದಕ್ಕೆಂದೇ ರೂಪಿಸಿದ ಎಂಟು ಬಣ್ಣಗಳ ಪಟ್ಟಿ ಅಂತರ್ಜಾಲದಲ್ಲಿ ಸುಲಭವಾಗಿ ಸಿಗುತ್ತದೆ. ಎಂಟನ್ನೂ ಬಳಸಬೇಕೆಂದಿಲ್ಲ. ನಮ್ಮ ಅಡ್ಡಕೊಯ್ತಕ್ಕೆ ನೀರಿಗೊಂದು ನೀಲಿ, ನೆಲಕ್ಕೆ ಬೂದಿಯ ಎರಡು ಛಾಯೆ, ಮುಖ್ಯ ಬಾಣಕ್ಕೆ ಕಿತ್ತಳೆ ಸಾಕು.

ಆಮೇಲೆ ಚಿತ್ರವನ್ನು ವಿಶ್ವವಿದ್ಯಾಲಯದ ಎದುರಿನ ಜೆರಾಕ್ಸ್ ಅಂಗಡಿಗೆ ಒಯ್ದು ಕಪ್ಪು–ಬಿಳುಪಿನಲ್ಲಿ ಒಂದು ಪ್ರತಿ ತೆಗೆಸಿ. ಪ್ರಬಂಧಗಳು ಕೊನೆಗೆ ಓದುಗರನ್ನು ಸೇರುವುದು ಬಹಳ ಸಲ ಹಾಗೆಯೇ. ಆ ಪ್ರತಿಯಲ್ಲೂ ಅರ್ಥವಾದರೆ ಬಣ್ಣದ ಕೆಲಸ ಮುಗಿಯಿತು.

ಗಾತ್ರ

ಚಿತ್ರ ಅಚ್ಚಾಗುವ ಗಾತ್ರದಲ್ಲೇ ಅದನ್ನು ಬರೆಯಿರಿ. ‘ನೇಚರ್’ನಂಥ ಪತ್ರಿಕೆಯ ಒಂದು ಕಾಲಮ್ಮಿನ ಅಗಲ 89 ಮಿಲಿಮೀಟರ್. ಅಡ್ಡ ಇಟ್ಟ ಎ4 ಹಾಳೆ 297 ಮಿಲಿಮೀಟರ್. ಹಾಳೆ ತುಂಬ ಬರೆದು 12 ಪಾಯಿಂಟ್ ಅಕ್ಷರ ಹಾಕಿದ್ದೇನಲ್ಲ ಎಂದು ನೀವು ನೆಮ್ಮದಿಯಾಗಿದ್ದರೆ, ಕಾಲಮ್ಮಿಗೆ ಇಳಿಸಿದಾಗ ಅದು 3.6 ಪಾಯಿಂಟ್ ಆಗುತ್ತದೆ. ಕನ್ನಡಕ್ಕೆ ಅಚ್ಚಿನಲ್ಲಿ 8 ಪಾಯಿಂಟ್‌ಗಿಂತ ಕೆಳಗೆ ಹೋಗಬೇಡಿ ಎನ್ನುತ್ತೇನೆ, ಒತ್ತಕ್ಷರಗಳು ಕಲಸಿಹೋಗುತ್ತವೆ. ಸ್ಲೈಡಿಗೆ ಅದೇ ಚಿತ್ರವನ್ನು ಹಾಕುವುದಾದರೆ ಅರ್ಧ ಪದಗಳನ್ನು ತೆಗೆದು ಉಳಿದವನ್ನು ದೊಡ್ಡದು ಮಾಡಿ. ಪೋಸ್ಟರಿಗೆ ಇನ್ನೊಂದು ಪ್ರತಿ.

ಅಡಿಬರಹ ಮತ್ತು ಪರೀಕ್ಷೆ

ಅಡಿಬರಹದ ಮೊದಲ ವಾಕ್ಯ ನೀವು ಆರಂಭದಲ್ಲಿ ಹಾಳೆಯ ಮೇಲೆ ಬರೆದ ವಾಕ್ಯವೇ ಆಗಿರಲಿ. ನಂತರ ಗುರುತುಗಳ ಅರ್ಥ, ಅಳತೆ ಯಾವಾಗ ಎಲ್ಲಿ ಮಾಡಿದ್ದು, ತುಂಡು ಗೆರೆ ಯಾವುದಕ್ಕೆ. ನಕ್ಷೆ ಅಥವಾ ಫೋಟೊ ಬೇರೆಯವರದಾದರೆ ಅನುಮತಿ ಮತ್ತು ಮೂಲ.

ಈಗ ನಿಮ್ಮ ವಿಭಾಗಕ್ಕೆ ಸೇರದ ಒಬ್ಬರ ಮುಂದೆ ಚಿತ್ರ ಇಡಿ. ಹಾಸ್ಟೆಲ್ಲಿನ ಪಕ್ಕದ ಕೋಣೆಯವರು ಆಗಬಹುದು, ಬಾವಿಯ ಮಾಲೀಕರಾದರೆ ಇನ್ನೂ ಒಳ್ಳೆಯದು. ಏನನ್ನೂ ವಿವರಿಸಬೇಡಿ. ‘ಅರ್ಥ ಆಯ್ತಾ?’ ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ. ಅದರ ಬದಲು ‘ಇದರಲ್ಲಿ ಏನಾಗ್ತಿದೆ ಹೇಳಣ್ಣ’ ಎನ್ನಿ. ಅವರು ಬೆರಳಿಟ್ಟು ಹೇಳುತ್ತ ಹೋಗುವಾಗ ಎಲ್ಲಿ ತಡವರಿಸಿದರು ಎಂದು ಗುರುತಿಸಿಕೊಳ್ಳಿ. ಕೊಳವೆಬಾವಿ ತೋರಿಸಿ ‘ಇಲ್ಲಿಗೆ ಕೂಡ್ಲೇ ನೀರು ಬರುತ್ತೆ’ ಎಂದರೆ ಕತ್ತರಿ ಗುರುತು ಕಣ್ಣಿಗೆ ಬಿದ್ದಿಲ್ಲ. ಅದನ್ನು ದಪ್ಪ ಮಾಡಿ ಇನ್ನೊಬ್ಬರಿಗೆ ತೋರಿಸಿ.

ಕೊನೆಯಲ್ಲಿ ಕಡತಗಳು. ತಿದ್ದಬಹುದಾದ ಮೂಲ ಎಸ್‌ವಿಜಿಯನ್ನು ದಿನಾಂಕ ಹಾಕಿ ಇಟ್ಟುಕೊಳ್ಳಿ. ಪ್ರೆಸ್ಸಿಗೆ ಕೊಡುವ ಪ್ರತಿಯಲ್ಲಿ ಅಕ್ಷರಗಳನ್ನು ಗೆರೆಗಳಾಗಿ ಪರಿವರ್ತಿಸಿ ಪಿಡಿಎಫ್ ಮಾಡಿ, ಆಗ ಅಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೂ ತೊಂದರೆಯಿಲ್ಲ. ಪರಿವರ್ತಿಸಿದ ಮೇಲೆ ಅಕ್ಷರ ತಿದ್ದಲು ಬರುವುದಿಲ್ಲ, ಆದ್ದರಿಂದ ಮೂಲದ ಮೇಲೆಯೇ ಉಳಿಸಬೇಡಿ. ಗೈಡ್‌ಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಾದರೆ ಫೋಟೊ ಆಗಿ ಕಳಿಸದೆ ಡಾಕ್ಯುಮೆಂಟ್ ಆಗಿ ಕಳಿಸಿ. ಇಲ್ಲವಾದರೆ ಆ್ಯಪ್ ಅದನ್ನು ಕುಗ್ಗಿಸಿ ಮಸುಕು ಮಾಡುತ್ತದೆ, ‘ಅಕ್ಷರ ಕಾಣ್ತಿಲ್ಲ’ ಎಂಬ ಉತ್ತರ ಬರುತ್ತದೆ.